ಮಗ್ಗದ ಗುಂಡಿಯಲ್ಲಿ ಒಂದು ಹೃದಯ ಪರೀಕ್ಷೆ

ನಿವೃತ್ತನಾಗುವವರೆಗೆ ನಾನು ಮಾಡಿದ ಕೆಲಸ ಜನರನ್ನು ನಡೆಸುವುದು. ನಾನು ನಡೆಸಿದವರು ಯಾರೂ ಯಾವ ಊರಿಗೂ ಹೋಗಿ ಸೇರಲಿಲ್ಲ. ಹತ್ತಿದ ಜಾಗದಲ್ಲೇ ಇಳಿದರು. ಚಳ್ಳಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಟ್ರೆಡ್‌ಮಿಲ್ ನೋಡಿಕೊಳ್ಳುವವನಾಗಿದ್ದೆ. ಎದೆಗೆ ತಂತಿ ಅಂಟಿಸಿ, ಉರುಳುವ ಪಟ್ಟಿಯ ಮೇಲೆ ಮನುಷ್ಯನನ್ನು ನಡೆಸಿ, ದಣಿದಾಗ ಅವನ ಹೃದಯ ಹೇಗೆ ಬಡಿಯುತ್ತದೆಂದು ಕಾಗದದ ಮೇಲೆ ಬರೆಸಿಕೊಳ್ಳುವ ಕೆಲಸ. ಕೂತಾಗ ಬಾಯಿ ಮುಚ್ಚಿಕೊಂಡಿರುವ ಹೃದಯ ದುಡಿಯುವಾಗ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಅದನ್ನು ಮುಂಚೆಯೇ ಕೇಳಿಸಿಕೊಂಡರೆ ಮುಂದೆ ಆಗುವುದನ್ನು ಎಷ್ಟೋ ಸಲ ತಪ್ಪಿಸಬಹುದು.

ಈಗ ಈ ಕೆಲಸಕ್ಕೆ ಬರುವ ನೀವೆಲ್ಲ ಡಿಪ್ಲೊಮಾ ಮಾಡಿಕೊಂಡು ಬರುತ್ತೀರಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಂತ ನನ್ನ ಕೆಲಸ ಯಾರ ಕೆಲಸಕ್ಕೂ ಕಡಿಮೆಯಿರಲಿಲ್ಲ, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಂತ್ರದ ಬಗ್ಗೆ ನಿಮಗೆ ಪುಸ್ತಕ ಹೇಳುತ್ತದೆ. ಯಂತ್ರದ ಮೇಲೆ ನಡೆಯಲಾರದ ಒಬ್ಬ ಮನುಷ್ಯನ ಬಗ್ಗೆ ನಾನು ಹೇಳುತ್ತೇನೆ. ಆತ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರ ಓಬಳೇಶಪ್ಪ. ಆತನ ಹತ್ತಿರ ಹೋಗುವ ಮೊದಲು ನಾನು ಟ್ರೆಡ್‌ಮಿಲ್ ಕೋಣೆಗೆ ಹೇಗೆ ಬಂದೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಶಾಲೆ ಬಿಟ್ಟ ಮೇಲೆ ನಾನು ಸೇರಿದ್ದು ಶೇಂಗಾ ಎಣ್ಣೆ ಮಿಲ್ಲಿಗೆ. ಮೋಟಾರಿನ ಬೆಲ್ಟು ಒಂದು ಕಡೆಗೆ ಸರಿಯುತ್ತಿದೆಯೋ, ಸಡಿಲಾಗಿದೆಯೋ ಎಂದು ನೋಡುತ್ತಾ ನೋಡುತ್ತಾ ಮೀಸೆ ಬಂತು. ಮಿಲ್ಲುಗಳು ಒಂದೊಂದೇ ಮುಚ್ಚಿದಾಗ ನರ್ಸಿಂಗ್ ಹೋಮಿನಲ್ಲಿ ರೋಗಿಗಳನ್ನು ಎತ್ತಿ ಇಳಿಸುವ ಕೆಲಸ ಸಿಕ್ಕಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಮ್ಮ ಡಾಕ್ಟರು ಎಲ್ಲಿಂದಲೋ ಒಂದು ಹಳೆಯ ಟ್ರೆಡ್‌ಮಿಲ್ ತರಿಸಿದರು. ಅದನ್ನು ಕೂರಿಸಲು ಬಂದ ಎಂಜಿನಿಯರಿಗೆ ಸ್ಪ್ಯಾನರ್ ಹಿಡಿದುಕೊಳ್ಳಲು ನಾನು ನಿಂತೆ. ಪಟ್ಟಿ ಉರುಳಿದ್ದನ್ನು ಕಂಡು ನನಗೆ ಹಳೆಯ ನೆಂಟನನ್ನು ನೋಡಿದಂತಾಯಿತು. "ಎಡಕ್ಕೆ ಎಳೀತೈತೆ ಸಾರ್" ಅಂದೆ. ಎಂಜಿನಿಯರ್ ನಕ್ಕು ಸ್ಕ್ರೂ ಯಾವುದೆಂದು ತೋರಿಸಿದ. ಡಾಕ್ಟರು ಅಲ್ಲೇ, "ಲೇ ತಿಪ್ಪೇಶಿ, ಇನ್ಮೇಲೆ ಇದು ನಿನ್ನ ಎಮ್ಮೆ, ನೀನೇ ಕಟ್ಕೋ" ಅಂದರು. ತಂತಿ ಎಲ್ಲಿ ಅಂಟಿಸಬೇಕು, ರಕ್ತ ಸಾಲದ ಹೃದಯದ ಗೆರೆ ಕಾಗದದ ಮೇಲೆ ಹೇಗೆ ಕೆಳಗೆ ಜಗ್ಗುತ್ತದೆ, ಯಾವಾಗ ಕೆಂಪು ಗುಂಡಿ ಒತ್ತಬೇಕು, ಎಲ್ಲವನ್ನೂ ಅವರೇ ಕಲಿಸಿದರು. ತಪ್ಪಿದಾಗ ಬೈದು ಕಲಿಸಿದರು. ಬೈದ ದಿನ ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಹೆದರಿದ ರೋಗಿ ಬಂದರೆ ಮೊದಲು ತಾವೇ ಪಟ್ಟಿ ಹತ್ತಿ ನಡೆದು ತೋರಿಸುವರು. ಡಾಕ್ಟರದು ಸ್ವಲ್ಪ ಭಾರದ ಮೈ. ಇಳಿಯುವ ಹೊತ್ತಿಗೆ ಏದುಸಿರು. ಎಷ್ಟೋ ಜನ ಹಳ್ಳಿಯವರು ಕನಿಕರದಿಂದ, "ಸಾರ್, ನಮ್ದು ಆಮೇಲೆ ನೋಡಿದ್ರಾತು, ಮೊದ್ಲು ನೀವು ಯಾರಿಗಾನ ತೋರಿಸ್ಕಳ್ರಿ" ಅಂದದ್ದುಂಟು.

ಜನ ಇದನ್ನು ಶಾಲೆಯ ಪರೀಕ್ಷೆ ಅಂದುಕೊಂಡಿದ್ದರು. ಇಳಿದ ಕೂಡಲೇ "ಪಾಸಾ, ಫೇಲಾ?" ಎಂದು ಕೇಳುವರು. ಒಬ್ಬ ಕಿರಾಣಿ ಅಂಗಡಿಯವನು ಗೆರೆ ಚೆನ್ನಾಗಿ ಬಂತೆಂದು ವಾರ್ಡಿಗೆಲ್ಲ ಪೇಡೆ ಹಂಚಿ, ಹೊರಗೆ ಹೋಗಿ ಬೀಡಿ ಹಚ್ಚಿದ. ಡಾಕ್ಟರು ಕಿಟಕಿಯಿಂದಲೇ ಕೂಗಿದರು. "ಲೋ ಯಜಮಾನ, ಇದು ಮೋಡ ನೋಡಿದಂಗೆ ಕಣಯ್ಯ. ಮೋಡ ಕಂಡಿಲ್ಲ ಅಂತ ಮಾಳಿಗೆ ಸೋರೋದು ರಿಪೇರಿ ಮಾಡಿಸ್ದೆ ಇರ್ತೀಯಾ?" ಆ ಮಾತನ್ನು ನಾನು ನಿವೃತ್ತನಾಗುವವರೆಗೂ ಬಂದವರಿಗೆಲ್ಲ ಹೇಳಿದೆ. ಗೆರೆ ಕೆಟ್ಟರೆ ಸಾವು ಬಂತೆಂದಲ್ಲ, ಗೆರೆ ಚೆನ್ನಾಗಿದ್ದರೆ ಚಿರಂಜೀವಿಯೆಂದೂ ಅಲ್ಲ. ಅಪಾಯ ಹೆಚ್ಚಿದೆಯೋ ಕಡಿಮೆಯಿದೆಯೋ ಅಷ್ಟನ್ನು ಅದು ಹೇಳುತ್ತದೆ. ಸದಾ ಮಳೆಗೆ ಕಾಯುವ ಚಳ್ಳಕೆರೆಯವರಿಗೆ ಮೋಡದ ಲೆಕ್ಕ ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಮೊದಲಿಗೆ ಆದ ಒಂದು ಫಜೀತಿ ಹೇಳಬೇಕು. ಶೇಂಗಾ ವ್ಯಾಪಾರದ ಗೌಡರೊಬ್ಬರು ಬಂದಿದ್ದರು. ಲಿಂಗವಂತರು, ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ಮೈಯಿಂದ ತೆಗೆಯುವ ಮಾತೇ ಇಲ್ಲ. ನಾನೂ ಕೇಳಲಿಲ್ಲ. ಪಟ್ಟಿ ಜೋರಾದಂತೆ ಕರಡಿಗೆ ಕುಣಿದು ಕುಣಿದು ತಂತಿಗಳಿಗೆ ಬಡಿಯಿತು. ಕಾಗದದ ಮೇಲೆ ಗೆರೆ ಕೋತಿಯಂತೆ ಹಾರಾಡಿತು. ಹೃದಯವೇ ದಾರಿ ತಪ್ಪಿತೆಂದು ನಾನು ಕೆಂಪು ಗುಂಡಿ ಗುದ್ದಿಬಿಟ್ಟೆ. ಪಟ್ಟಿ ಗಕ್ಕನೆ ನಿಂತು ಗೌಡರು ನನ್ನ ಮೇಲೆಯೇ ಬಂದರು. "ಏನಲೇ, ಎತ್ತಿನ ಗಾಡಿನೂ ಹಿಂಗ್ ನಿಲ್ಸಲ್ಲ!" ಅಂದರು. ಆಮೇಲೆ ದಾರಿ ಕಂಡುಕೊಂಡವರೂ ಅವರೇ. ಪೂಜೆಗೆ ಕೂತಾಗ ಹಿಡಿಯುವ ಹಾಗೆ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕಂಬಿ ಹಿಡಿದು, ಕಣ್ಣು ಅರ್ಧ ಮುಚ್ಚಿ ಕೊನೆಯವರೆಗೂ ನಡೆದರು. ಅಂಥ ಸ್ವಚ್ಛ ಗೆರೆ ನಾನು ಕಂಡದ್ದು ಕಡಿಮೆ. ಅಂದಿನಿಂದ ಕರಡಿಗೆಯವರು ಬಂದರೆ ನಾನು ಬಿ.ಪಿ. ಪಟ್ಟಿಯನ್ನು ಬಲ ತೋಳಿಗೇ ಕಟ್ಟುತ್ತಿದ್ದೆ.

ದೊಡ್ಡಉಳ್ಳಾರ್ತಿ ಕಡೆಯ ಕುರಿ ಕಾಯುವ ಅಜ್ಜನೊಬ್ಬ ಕೈಯಲ್ಲಿ ಕೋಲಿಲ್ಲದೆ ನಡೆಯಲಾರೆನೆಂದು ಹಟ ಹಿಡಿದು, ಕೋಲನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹತ್ತಿದ. ಯಂತ್ರಕ್ಕೆ ಇದ್ದಷ್ಟು ಏರೂ ಏರಿಸಿದೆ, ಇದ್ದಷ್ಟು ವೇಗವೂ ಕೊಟ್ಟೆ. ಅಜ್ಜ ಕುರಿ ಮೇಯುವ ಕಾವಲಿನಲ್ಲಿ ನಡೆದಂತೆ ನಡೆದ. ಕೊನೆಗೆ ಬೇಸರದಿಂದ, "ಇದೆಂಥ ದಾರಿಯಪ್ಪ, ಒಂದು ಜಾಲಿ ಮರನೂ ಬರವಲ್ದು" ಅಂದ. ಕಾಲಲ್ಲಿ ಬದುಕಿದವನಿಗೆ ಈ ಯಂತ್ರ ಸಲೀಸು. ಕಾಲನ್ನು ನೆಲದಲ್ಲಿ ತೋಡಿದ ಮಗ್ಗದ ಗುಂಡಿಯೊಳಗೆ ಇಳಿಬಿಟ್ಟು ಕೈಯಲ್ಲಿ ಬದುಕಿದವನಿಗೆ ಹೇಗೆ? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಓಬಳೇಶಪ್ಪ ಬಂದ ಮೇಲೆ ಯೋಚಿಸುವಂತಾಯಿತು.

ಆತ ತಾನಾಗಿ ಬಂದವನಲ್ಲ. ಹೆಂಡತಿ ಸುಂಕಮ್ಮ ಬಸ್ಸಿಗೆ ಹತ್ತಿಸಿ ಎಳೆದು ತಂದಿದ್ದಳು. ಸಣ್ಣಗಿನ ಮನುಷ್ಯ, ತೋಳು ಮಾತ್ರ ಹುರಿಗಟ್ಟಿದ್ದವು. ಮನೆಯಲ್ಲಿ ತೆಲುಗು ಆಡುವವರು. ನಮ್ಮೆದುರು ಕನ್ನಡ, ಜಗಳ ಬಂದರೆ ತೆಲುಗು. ಕೆಲವು ತಿಂಗಳಿಂದ ಆತನಿಗೆ ಕೆಲಸದ ನಡುವೆ ಎದೆ ಹಿಡಿಯುತ್ತಿತ್ತು. ಆತ ಗ್ಯಾಸು ಅನ್ನುತ್ತಿದ್ದ. ಆಕೆ ನಂಬಿರಲಿಲ್ಲ.

ನಾನು ಎದೆಗೆ ತಂತಿ ಅಂಟಿಸುವಾಗ ಆತ ಡಾಕ್ಟರಿಗೆ ಒಂದು ಮಾತು ಹೇಳಿದ. "ಸಾರ್, ಏನಾನ ಹೇಳ್ರಿ, ಮಗ್ಗ ಬಿಡು ಅಂತ ಮಾತ್ರ ಹೇಳಂಗಿಲ್ಲ. ನಮ್ಮಣ್ಣಗೂ ಹಿಂಗೇ ಹಿಡೀತಿತ್ತು. ಬಳ್ಳಾರಿಯಾಗೆ ತೋರಿಸಿದ್ವಿ, ಮಗ್ಗ ಬಿಡಿಸಿದ್ರು. ಬಾಗಿಲಾಗೆ ಕುಂತು ಬೀದಿ ನೋಡ್ತಾ ನೋಡ್ತಾನೇ ಹೋಗಿಬಿಟ್ಟ. ನಾನು ಮಗ್ಗದಾಗೇ ಹೋಗ್ತೀನಿ, ಬಾಗಿಲಾಗೆ ಕುಂದ್ರಲ್ಲ."

ಅಣ್ಣನಿಗೂ ಇತ್ತು ಅನ್ನುವುದನ್ನು ಕೇಳಿ ಡಾಕ್ಟರ ಮುಖ ಬಿಗಿಯಾಯಿತು. ಇದರಲ್ಲಿ ರಕ್ತಸಂಬಂಧವೂ ಲೆಕ್ಕಕ್ಕೆ ಬರುತ್ತದೆ.

ಆಗ ನಮ್ಮಲ್ಲಿ ರೋಗಿಯ ಕಡೆಯವರು ಒಳಗೆ ಬರುವಂತಿರಲಿಲ್ಲ. ಸುಂಕಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿದೆ. ಪಟ್ಟಿ ಉರುಳಿತು. ಓಬಳೇಶಪ್ಪ ಎರಡೂ ಕೈಯಲ್ಲಿ ಕಂಬಿ ತಬ್ಬಿದ. ಕಣ್ಣು ಕಾಲಿನ ಕೆಳಗೇ. "ನೆಲ ಓಡ್ತೈತೆ, ನೆಲ ಓಡ್ತೈತೆ" ಎಂದು ಒಂದೇ ಸಮನೆ ಅನ್ನುತ್ತಿದ್ದ. ಕಂಬಿಗೆ ಜೋತುಬಿದ್ದರೆ ಮೈಭಾರ ಕೈಗೆ ಬಿದ್ದು ಹೃದಯಕ್ಕೆ ದುಡಿಮೆಯೇ ಆಗುವುದಿಲ್ಲ. "ಕೈ ಬಿಡಣ್ಣ, ಮುಂದೆ ನೋಡು" ಅಂದರೆ ಕೇಳಲಿಲ್ಲ. ಏರು ಶುರುವಾದ ಸ್ವಲ್ಪ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ಚೀರಿದ. ನಿಲ್ಲಿಸಿದೆವು. ಹೃದಯ ಏರಬೇಕಾದ ವೇಗದ ಹತ್ತಿರಕ್ಕೂ ಏರಿರಲಿಲ್ಲ. ಗೆರೆಯಲ್ಲಿ ಏನೂ ಕಾಣಲಿಲ್ಲ.

"ಚೆನ್ನಾಗೈತೆ ಅಂತಾನೂ ಹೇಳಂಗಿಲ್ಲ, ಕೆಟ್ಟೈತೆ ಅಂತಾನೂ ಹೇಳಂಗಿಲ್ಲ" ಅಂದರು ಡಾಕ್ಟರು.

ಓಬಳೇಶಪ್ಪನ ಮುಖ ಅರಳಿತು. "ಅಂದ್ರೆ ಏನೂ ಇಲ್ಲ ಅಂತ ತಾನೇ? ತೆಗೀರಿ ಈ ತಂತಿನೆಲ್ಲ."

ಬಾಗಿಲು ತಳ್ಳಿಕೊಂಡು ಸುಂಕಮ್ಮ ಒಳಗೆ ಬಂದಳು. ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. "ಏಮಯ್ಯಾ, ಅದೆಂಥಾ ಏನೂ ಇಲ್ಲ?" ಎಂದು ಗಂಡನಿಗೆ ಹೇಳಿ, ಡಾಕ್ಟರ ಕಡೆ ತಿರುಗಿದಳು. "ಸಾರ್, ನಾನು ಮದುವೆಯಾಗಿ ಬಂದಾಗಿಂದ ಈ ಮನುಷ್ಯ ಓಡಿದ್ದನ್ನ ನೋಡಿಲ್ರಿ. ಹಬ್ಬಕ್ಕೆ ಜಟಿಂಗ ರಾಮೇಶ್ವರ ಬೆಟ್ಟ ಹತ್ತು ಅಂದ್ರೆ, ಕೆಳಗೇ ಕುಂತು ಅಲ್ಲಿಂದ್ಲೇ ಕೈ ಮುಗೀತಾನೆ. ಇವನ್ನ ಓಡಿಸಿ ನೋಡಿದ್ರೆ ಏನು ಸಿಗ್ತೈತ್ರಿ? ಇವನಿಗೆ ಹಿಡಿಯೋದು ಮಗ್ಗದಾಗೆ. ಮಗ್ಗ ಇಲ್ಲಿಗೆ ಬರಲ್ಲ."

ಡಾಕ್ಟರು ಆಕೆಯನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಮಗ್ಗ ಇಲ್ಲಿಗೆ ಬರಲ್ಲ. ನಾವು ಅಲ್ಲಿಗೆ ಹೋಗಬಹುದಲ್ಲೇನಲೇ ತಿಪ್ಪೇಶಿ?" ಅಂದರು. ದೊಡ್ಡ ಆಸ್ಪತ್ರೆಗಳಲ್ಲಿ ಕೈಯಿಂದ ತಿರುಗಿಸುವ ಯಂತ್ರದ ಮೇಲೆ ಕೂರಿಸಿಯೂ ಈ ಪರೀಕ್ಷೆ ಮಾಡುತ್ತಾರಂತೆ, ಅವರು ಓದುವಾಗ ಕಂಡಿದ್ದರಂತೆ. ನಾವು ಅವರ ಮನೆಗೆ ಹೋಗುವವರೆಗೆ ಮಗ್ಗಕ್ಕೆ ಕೂರದಿರಲು ಕಟ್ಟಪ್ಪಣೆ ಮಾಡಿ, ಎದೆ ಹಿಡಿದರೆ ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟು ಕಳಿಸಿದರು.

ಭಾನುವಾರ ಡಾಕ್ಟರ ಕಾರಿನಲ್ಲಿ ಹೊರಟೆವು. ಇಸಿಜಿ ಪೆಟ್ಟಿಗೆ ನನ್ನ ಮಡಿಲಲ್ಲಿ ಕೂಸಿನಂತೆ ಕೂತಿತ್ತು. ತುರ್ತಿಗೆ ಬೇಕಾದ ಇಂಜೆಕ್ಷನ್, ಆಮ್ಲಜನಕ, ಶಾಕ್ ಕೊಡುವ ಯಂತ್ರ ಎಲ್ಲ ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಡಾಕ್ಟರು ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಹೆದರಿದ್ದಾರೆಂದು ಅರ್ಥ. ಇದನ್ನು ನಿಮಗೂ ಹೇಳುತ್ತೇನೆ: ಹೆದರಿಕೆಯಿರುವ ಡಾಕ್ಟರ ಕೈಕೆಳಗೆ ಕೆಲಸ ಮಾಡಿ, ಅಂಥವರು ಶಾಕ್ ಯಂತ್ರ ಮರೆತು ಬರುವುದಿಲ್ಲ.

ಮೊಳಕಾಲ್ಮುರು ಸೀರೆಯ ಅಂಚಿಗೆ ಒಂದು ಬಣ್ಣ, ಒಡಲಿಗೆ ಇನ್ನೊಂದು. ಎರಡನ್ನೂ ನೇಯ್ಗೆಯಲ್ಲೇ ಬೆಸೆಯಬೇಕಾದರೆ ಮೂರು ಲಾಳಿ ಬೇಕು, ಇಬ್ಬರು ಮನುಷ್ಯರು ಬೇಕು. ಓಬಳೇಶಪ್ಪ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವವನು. ಸುಂಕಮ್ಮ ಎಡಬದಿಗೆ ಕೂತು ಆ ಕಡೆಯ ಅಂಚಿನ ಲಾಳಿ ಹಾಕುವವಳು. ಅವಳ ಲಾಳಿ ದಾಟಿದ ಕೂಡಲೇ "ಊಁ" ಅನ್ನುತ್ತಾಳೆ. ಆಗ ಆತ ಎಳೆ ಒತ್ತಾಗಿ ಕೂರುವಂತೆ ಹಲಗೆ ಎಳೆದು ಬಡಿಯುತ್ತಾನೆ. ಊಁ, ಧಡ್. ಊಁ, ಧಡ್. ಮದುವೆಯಾದಾಗಿನಿಂದ ಇವರಿಬ್ಬರ ಮನೆಯಲ್ಲಿ ಇದೇ ಸದ್ದು.

ನಾನು ಆತನ ಎದೆಗೂ ಬೆನ್ನಿಗೂ ಜೆಲ್ಲಿ ಹಚ್ಚಿ ತಂತಿ ಅಂಟಿಸುವಾಗ ಸುಂಕಮ್ಮ ನನ್ನ ಕೈಯನ್ನೇ ಕಾಯುತ್ತಿದ್ದಳು. ಮಗ್ಗದ ಮೇಲೆ ಗಿಳಿಹಸಿರು ಒಡಲು, ಕುಂಕುಮ ಬಣ್ಣದ ಅಂಚಿನ ಸೀರೆಯಿತ್ತು. "ತಿಪ್ಪೇಸ್ವಾಮಣ್ಣ, ಆ ಅಂಟು ಕೈ ರೇಷ್ಮೆಗೆ ತಾಗಿಸಿದ್ರೆ ನೋಡ್ರಿ, ನನ್ನ ಗಂಡಗಿಂತ ಮುಂಚೆ ನಿಮ್ಮ ಹಾರ್ಟು ನಿಲ್ತೈತೆ." ಡಾಕ್ಟರು ಮುಸಿಮುಸಿ ನಕ್ಕರು. ನಾನು ಎರಡು ಸಲ ಸೋಪು ಹಾಕಿ ಕೈ ತೊಳೆದೆ.

ನೇಯ್ಗೆ ಶುರುವಾಯಿತು. ಕೈ ಆಡುವಾಗ ಗೆರೆ ಅಲುಗುತ್ತದೆ, ಏನೂ ಓದಲಾಗುವುದಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ನೇಯಿಸುವುದು, ಡಾಕ್ಟರು ಕೈ ಎತ್ತಿದಾಗ ಇಬ್ಬರೂ ನಿಲ್ಲಿಸುವುದು, ನಾನು ಕಾಗದ ಓಡಿಸುವುದು ಎಂದು ಮಾತಾಗಿತ್ತು. ಮೊದಲ ಸಲ ಗೆರೆ ಸರಿಯಿತ್ತು. ಎರಡನೆಯ ಸಲವೂ ಸರಿಯಿತ್ತು. ಮಗ್ಗದಲ್ಲಿ ಕೂತ ಓಬಳೇಶಪ್ಪ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗೆ, ಮುಖದಲ್ಲಿ ಗೆಲುವು. "ಡಾಕ್ಟ್ರೇ, ಸೀರೆ ಮುಗಿಸಿಯೇ ತೋರಿಸ್ತೀನಿ" ಎಂದು ಸವಾಲು ಹಾಕಿ ಜೋರಾಗಿ ಬಡಿಯತೊಡಗಿದ. ಊಁ, ಧಡ್. ಊಁ, ಧಡ್.

ಡಾಕ್ಟರು ಇನ್ನೂ ಕೈ ಎತ್ತಿರಲಿಲ್ಲ. ಸುಂಕಮ್ಮ ಊಁ ಅಂದಳು. ಹಲಗೆ ಬಡಿಯಿತು, ಆದರೆ ಒಂದು ಉಸಿರು ತಡವಾಗಿ. ನನಗೆ ಅದು ಗೊತ್ತೂ ಆಗಲಿಲ್ಲ. ಆಕೆ ಲಾಳಿ ಕೆಳಗಿಟ್ಟಳು.

"ಹಿಡೀತು" ಅಂದಳು.

"ಏನೂ ಇಲ್ಲ, ಹಾಕೇ ಲಾಳಿ" ಅಂದ ಓಬಳೇಶಪ್ಪ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಹಾಕಲ್ಲ."

"ತಿಪ್ಪೇಶಿ, ಕಾಗದ!" ಅಂದರು ಡಾಕ್ಟರು. ಬಟನ್ ಒತ್ತಿದೆ. ಗೆರೆ ಎರಡು ಚೌಕ ಕೆಳಗೆ ಜಗ್ಗಿಕೊಂಡೇ ಬರುತ್ತಿತ್ತು. ಡಾಕ್ಟರು ಆತನ ನಾಲಿಗೆ ಕೆಳಗೆ ಮಾತ್ರೆ ಇಟ್ಟು ಪಕ್ಕದಲ್ಲೇ ನೆಲಕ್ಕೆ ಕೂತು ಕೈ ಹಿಡಿದುಕೊಂಡರು. ನಾನು ಕಾಗದ ಬಿಡುತ್ತಲೇ ಇದ್ದೆ. ಮನೆಯಲ್ಲಿ ಪೆಟ್ಟಿಗೆಯ ಗುರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗೆರೆ ನಿಧಾನವಾಗಿ ಮೇಲಕ್ಕೆ ಬಂತು, ತನ್ನ ಜಾಗಕ್ಕೆ ಬಂದು ನಿಂತಿತು. ಆಮೇಲೆಯೇ ಡಾಕ್ಟರು ಆತನ ಕೈ ಬಿಟ್ಟದ್ದು.

ಓಬಳೇಶಪ್ಪ ಗುಂಡಿಯಲ್ಲೇ ಕೂತು ನೇಯ್ದ ಬಟ್ಟೆಯ ಮೇಲೆ ಕೈಯಾಡಿಸುತ್ತಿದ್ದ. "ಹೇಳ್ರಿ ಸಾರ್. ಬಾಗಿಲಾಗೆ ಕುಂದ್ರಬೇಕಾ?"

"ಬೇಡ" ಅಂದರು ಡಾಕ್ಟರು. "ಬೆಂಗಳೂರಿಗೆ ಹೋಗಿ ಬಾ. ಹಾರ್ಟಿನ ರಕ್ತನಾಳ ಎಲ್ಲಿ ಕಿರಿದಾಗೈತೋ ನೋಡಿ ಸರಿ ಮಾಡ್ತಾರೆ. ಬೀಡಿ ಬಿಡು. ಮಗ್ಗ ಬಿಡು ಅಂತ ನಾನು ಹೇಳಲ್ಲ. ಆದ್ರೆ ಬಂದ್ಮೇಲೆ ನಾನು ಹೇಳೋವರೆಗೆ ಹಲಗೆ ಬಡಿಯೋದು ನೀನಲ್ಲ."

"ಮತ್ಯಾರು?"

ಡಾಕ್ಟರು ಸುಂಕಮ್ಮನ ಕಡೆ ನೋಡಿದರು. ಓಬಳೇಶಪ್ಪ ನಕ್ಕೇಬಿಟ್ಟ. "ಇವಳಾ? ಇವಳು ಬಡಿದ್ರೆ ಸೀರೆ ಅಲ್ಲ, ಜರಡಿ ಆಗ್ತೈತೆ!"

"ಆಗ್ಲಿ ಬಿಡು" ಅಂದಳು ಸುಂಕಮ್ಮ. "ಜರಡಿ ಉಟ್ಕೊಂಡಾದ್ರೂ ಬದುಕಬೋದು." ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಚಹಾ ಬರಲು ಬಹಳ ಹೊತ್ತಾಯಿತು.

ಬೆಂಗಳೂರಿನಲ್ಲಿ ನೋಡಿದರೆ ಒಂದು ನಾಳ ಬಹಳ ಕಿರಿದಾಗಿತ್ತು. ಬಲೂನು ಬಿಟ್ಟು ಅಗಲಿಸಿ, ಸ್ಟೆಂಟ್ ಅನ್ನುವ ಸಣ್ಣ ಜಾಳಿಗೆ ಕೂರಿಸಿ ಕಳಿಸಿದರು. ಊರಿಗೆ ಬಂದ ಮೇಲೆ ಗಂಡ ಹೆಂಡತಿ ಜಾಗ ಬದಲಾಯಿಸಿಕೊಂಡರು. ಆಕೆ ಗುಂಡಿಗೆ ಇಳಿದಳು, ಆತ ಎಡಬದಿಗೆ ಕೂತು ಲಾಳಿ ಹಾಕಿದ. ಆಕೆಯ ನೇಯ್ಗೆ ಸಡಿಲವೆಂದು ಕಂಡವರಿಗೆಲ್ಲ ದೂರು ಹೇಳಿದ. ಕೊಳ್ಳುವವರು ಯಾರೂ ದೂರು ಹೇಳಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ನಮ್ಮಲ್ಲಿ ಹೊಸ ಯಂತ್ರ ಬಂದಿತ್ತು. ಕಾಗದದ ಬದಲು ಟಿವಿಯಂಥ ಪರದೆ. ಗೆರೆಯನ್ನು ಯಂತ್ರವೇ ಅಳೆದು ಹೇಳುತ್ತಿತ್ತು. ಹಾಕಿದ ಜಾಳಿಗೆ ಹೇಗಿದೆ ನೋಡಬೇಕು, ಕಾಲಿಗೂ ಈಗ ನಡೆದು ಅಭ್ಯಾಸವಾಗಿದೆ ಎಂದು ಡಾಕ್ಟರು ಓಬಳೇಶಪ್ಪನನ್ನು ಕರೆಸಿದರು. ಇದರಲ್ಲಿ ಗೆರೆ ಸರಿಯಾಗಿ ಬಂದರೆ ಆತ ಮತ್ತೆ ಗುಂಡಿಗೆ ಇಳಿಯಬಹುದು. ಆ ಆಸೆಗೆ ಆತ ದೇವಸಮುದ್ರದ ದಾರಿಯಲ್ಲಿ ದಿನಾ ಬೆಳಿಗ್ಗೆ ನಡೆದಿದ್ದನಂತೆ. ಆದರೂ ಪಟ್ಟಿ ಉರುಳಿದ ಕೂಡಲೇ ಅದೇ ಹಳೆಯ ರಾಗ. ಕಣ್ಣು ಕೆಳಗೆ, ಕೈ ಕಂಬಿಗೆ. "ನೆಲ ಓಡ್ತೈತೆ ತಿಪ್ಪೇಸ್ವಾಮಣ್ಣ."

ನಾನು ಪಟ್ಟಿ ನಿಲ್ಲಿಸಿದೆ. ಡಾಕ್ಟರನ್ನು ಕೇಳಿದೆ. ಅವರು ಹೂಂ ಅಂದರು. ಬಾಗಿಲು ತೆಗೆದು, "ಅಕ್ಕಾ, ಒಳಗೆ ಬರ್ರಿ, ಎಡಗಡೆ ನಿಂದ್ರಿ" ಅಂದೆ. ಸುಂಕಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಂದು ಕಂಬಿಯ ಪಕ್ಕ ನಿಂತಳು. ಪಟ್ಟಿ ಉರುಳಿತು.

"ಊಁ" ಅಂದಳು.

ಒಂದು ಹೆಜ್ಜೆ ಬಿತ್ತು.

"ಊಁ."

ಇನ್ನೊಂದು. ಓಬಳೇಶಪ್ಪ ತಲೆ ಎತ್ತಿದ. ಕೈ ತಾನಾಗಿ ಕಂಬಿ ಬಿಟ್ಟಿತು. ಏರು ಬಂತು, ವೇಗ ಬಂತು. ಆಕೆಯ ಊಁಗಳೂ ಹತ್ತಿರ ಹತ್ತಿರವಾದವು. ನಾನು ಬಿ.ಪಿ. ನೋಡುತ್ತಾ, ಪರದೆ ನೋಡುತ್ತಾ, ಮೈಯೆಲ್ಲ ಕಣ್ಣಾಗಿ ನಿಂತಿದ್ದೆ. ಆಕೆ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಹೆಜ್ಜೆಗೆ ಕಿವಿ ಕೊಟ್ಟಿದ್ದಳು. ಹೃದಯ ಏರಬೇಕಾದ ವೇಗ ಮುಟ್ಟಿತೆಂದು ಯಂತ್ರ ಕೂಗಿದಾಗ ಗೆರೆ ತನ್ನ ಜಾಗ ಬಿಟ್ಟು ಕದಲಿರಲಿಲ್ಲ.

ಅಂದಿನಿಂದ ನಮ್ಮ ಕೋಣೆಯ ಬಾಗಿಲಲ್ಲಿ ಬೆಂಚು ಇರಲಿಲ್ಲ. ಅದನ್ನು ನಾನೇ ಎತ್ತಿ ಒಳಗೆ ಹಾಕಿದೆ. ನಿಮ್ಮ ಆಸ್ಪತ್ರೆಯ ನಿಯಮ ಏನಿದೆಯೋ ನನಗೆ ಗೊತ್ತಿಲ್ಲ. ಸಾಧ್ಯವಿದ್ದರೆ ಜೊತೆಗೆ ಬಂದವರಿಗೆ ಒಂದು ಕುರ್ಚಿ ಒಳಗಿಡಿ. ಮತ್ತೆ, ತಂತಿ ಅಂಟಿಸುವ ಮೊದಲು, ನೀವು ದುಡಿಯುವುದು ಕಾಲಿನಲ್ಲೋ ಕೈಯಲ್ಲೋ ಎಂದು ಒಂದು ಮಾತು ಕೇಳಿ.

ಆ ದಿನ ಡಾಕ್ಟರು ಪರದೆಯಿಂದ ತಲೆ ಎತ್ತಿ, "ಆಯ್ತು ಕಣಯ್ಯ, ಇಳಿ ನಿನ್ನ ಗುಂಡಿಗೆ" ಅಂದಾಗ ಓಬಳೇಶಪ್ಪ ಏದುಸಿರು ಬಿಡುತ್ತಾ ಹೆಂಡತಿಯ ಕಡೆ ನೋಡಿದ. ಗೆದ್ದವನ ನಗೆ ಆತನ ಮುಖದಲ್ಲಿ. "ಕೇಳಿದ್ಯೇನೇ? ನಾಳೆಯಿಂದ ಗುಂಡಿ ನಂದು."

ಸುಂಕಮ್ಮ ಟವಲು ಕೊಟ್ಟಳು. "ನಾಳೆ ಅಲ್ಲ. ಈಗ ಮಗ್ಗದ ಮೇಲಿರೋ ಸೀರೆ ನಂದು. ಅದು ಮುಗೀಲಿ, ಆಮೇಲೆ ಇಳಿಯುವಂತಿ."